ಬೀದಿಯ ಗ್ರೂಪು, ಬಾಗಿಲೊಳಗಿನ ಹೆಣ್ಣು

(ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಕಡೆಯ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇಂದು ನಾನು ಮಾತನಾಡಬೇಕಾಗಿರುವುದು ನಿಮ್ಮ ಬೀದಿಯ ವಾಟ್ಸಾಪ್ ಗ್ರೂಪಿನ ಬಗ್ಗೆ. ವರದಕ್ಷಿಣೆ, ಹೆಣ್ಣಿನ ಮೇಲಿನ ದೌರ್ಜನ್ಯ ಎಂದು ಇಷ್ಟು ದೊಡ್ಡ ಬ್ಯಾನರ್ ಕಟ್ಟಿ ಅದರ ಕೆಳಗೆ ನಿಂತು ಫೋನಿನ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಇದೆ. ನಮ್ಮ ಬಳಿ ಕಷ್ಟ ಹೇಳಿಕೊಳ್ಳಲು ಬರುವ ಹೆಣ್ಣುಮಕ್ಕಳ ಮಾತು ಮೊದಲೆಲ್ಲ "ಅತ್ತೆ ಹಿಂಗಂದ್ರು, ನಾದಿನಿ ಹಂಗಂದ್ಲು" ಎಂದು ಶುರುವಾಗುತ್ತಿತ್ತು. ಈಗ ಎಷ್ಟೋ ಜನ ಬಾಯಿ ತೆರೆಯುವುದೇ "ಗ್ರೂಪಿಗೆ ಹಾಕ್ಬಿಟ್ರು ಕಣಕ್ಕ" ಎಂದು. ಮನೆಯ ನಾಲ್ಕು ಗೋಡೆಗಳ ಮೇಲೆ ಐದನೆಯದೊಂದು ಎದ್ದು ನಿಂತಿದೆ. ಈ ಗೋಡೆಗೆ ಕಿಟಕಿಯೂ ಇದೆ, ಕಿವಿಯೂ ಇದೆ.

ಈಗ ತಾನೇ ನಿಮ್ಮನ್ನು ಕೈ ಎತ್ತಿಸಿದೆ. ಬೀದಿಯದೋ ವಾರ್ಡಿನದೋ ಹಾಲಿನ ಡೈರಿಯದೋ ದೇವಸ್ಥಾನದ ಕಮಿಟಿಯದೋ ಒಂದು ಗ್ರೂಪಿನಲ್ಲಿ ನಿಮ್ಮ ಮನೆಯ ನಂಬರು ಇದೆಯೇ ಎಂದಾಗ ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆ ಬಂತು. ಆ ಗ್ರೂಪಿನಲ್ಲಿ ನೀವಾಗಿ ಯಾವತ್ತಾದರೂ ಒಂದು ಮಾತು ಹಾಕಿದ್ದೀರಾ ಎಂದು ಕೇಳಿದೆ. ಕೈಗಳು ಕೆಳಗಿಳಿದವು. ಹಿಂದಿನ ಸಾಲಿನಲ್ಲಿ ಒಬ್ಬರು, "ನಂಬರು ನಮ್ಮದಲ್ಲ ಮೇಡಂ, ಅವರದು" ಎಂದರು. ಇಡೀ ಸಭೆ ನಕ್ಕಿತು. ಆದರೆ ಅವರು ಹೇಳಿದ್ದು ದೇಶದ ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿರುವ ಹೆಂಗಸರು ನೂರಕ್ಕೆ 33, ಗಂಡಸರು 57. ನಮ್ಮ ಬೀದಿಯ ಗ್ರೂಪು ಎಂದು ನಾವು ಕರೆಯುವುದು ಬಹಳ ಕಡೆ ಬೀದಿಯ ಗಂಡಸರ ಗ್ರೂಪು. ಹಿಂದೆ ಅರಳಿಕಟ್ಟೆ ಅವರದಾಗಿತ್ತು, ನಲ್ಲಿಕಟ್ಟೆ ನಮ್ಮದಾಗಿತ್ತು. ಈಗ ಅರಳಿಕಟ್ಟೆ ಫೋನಿನೊಳಗೆ ಹೋಗಿದೆ. ನಲ್ಲಿಕಟ್ಟೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಮನೆಮನೆಗೆ ಪೈಪು ಬಂದ ಮೇಲೆ ಹೆಂಗಸರು ಕೊಡ ಇಟ್ಟುಕೊಂಡು ಅರ್ಧ ಗಂಟೆ ನಿಂತು ಮಾತಾಡುವ ಜಾಗವೇ ಇಲ್ಲವಾಗಿದೆ.

ಹಾಗೆಂದು ಇದರಿಂದ ಉಪಯೋಗವೇ ಇಲ್ಲ ಎಂದು ನಾನು ಹೇಳಲು ಬಂದಿಲ್ಲ. ತುಮಕೂರು ನಗರದವರಿಗೆ ಗೊತ್ತು, ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ಯಾವ ದಿನ ಯಾವ ಬೀದಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದರ ಮೇಲೆ ಹೆಂಗಸಿನ ಇಡೀ ದಿನ ನಿಂತಿದೆ. ವಾಟರ್‌ಮನ್ ಗ್ರೂಪಿಗೆ ಒಂದು ಸಾಲು ಹಾಕಿದರೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು ಅರ್ಧ ದಿನದ ಸಂಬಳ ಕಳೆದುಕೊಳ್ಳುವುದು ತಪ್ಪುತ್ತದೆ. ಹುಣಸೆಹಣ್ಣು ಕುಟ್ಟಿ ಮಾರುವ ಸಂಘದವರು ಮಂಡಿಯಲ್ಲಿ ಇವತ್ತಿನ ರೇಟು ಎಷ್ಟು ಎಂದು ವ್ಯಾಪಾರಿ ಮನೆ ಬಾಗಿಲಿಗೆ ಬರುವ ಮೊದಲೇ ತಿಳಿದುಕೊಳ್ಳುತ್ತಾರೆ. ಇನ್ನೊಂದು, ಅಕ್ಷರ ಬಾರದ ನಮ್ಮ ಅಕ್ಕಂದಿರು ವಾಯ್ಸ್ ಮೆಸೇಜು ಒತ್ತಿ ಹಿಡಿದು ಮಾತನಾಡುವುದನ್ನು ಕಲಿತಿದ್ದಾರೆ. ಹೆಬ್ಬೆಟ್ಟು ಒತ್ತಿ ಸಾಲ ತೆಗೆದುಕೊಳ್ಳುತ್ತಿದ್ದ ಅದೇ ಹೆಬ್ಬೆಟ್ಟು ಈಗ ಮಾತು ಕಳಿಸುತ್ತಿದೆ. ಇದನ್ನು ನೋಡಿದಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ.

ಚಿರತೆಯ ಕಾಲ ನಿಮಗೆ ನೆನಪಿರಬೇಕು. 2019ರ ಕೊನೆಯಿಂದ 2020ರ ಆರಂಭದವರೆಗೆ ಕುಣಿಗಲ್ ಸೀಮೆ, ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ಹೋಬಳಿ, ತುಮಕೂರು ತಾಲ್ಲೂಕಿನ ಹೆಬ್ಬೂರು ಭಾಗದಲ್ಲಿ ಚಿರತೆ ದಾಳಿಗೆ ಸಾಲಾಗಿ ಜನ ಸತ್ತರು. ಸತ್ತವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ದನಕರು ಹೊಡೆದುಕೊಂಡು ಹೋಗುವುದು, ಸೌದೆ, ಹುಲ್ಲು, ಬಯಲಿಗೆ ಹೋಗುವುದು ಎಲ್ಲ ಹೆಂಗಸಿನ ಕೆಲಸವಾದ್ದರಿಂದ ಆ ಭಯ ಮೊದಲು ಬಂದು ಕುಳಿತದ್ದು ಹೆಂಗಸಿನ ಎದೆಯಲ್ಲಿ. "ಇವತ್ತು ಸಂಜೆ ತೋಪಿನ ಕಡೆ ಹೆಜ್ಜೆ ಕಂಡಿದೆ, ಮಕ್ಕಳನ್ನು ಹೊರಗೆ ಬಿಡಬೇಡಿ" ಎಂಬ ಒಂದು ಸಾಲು ಮನೆಮನೆಗೆ ಹೋಗಿ ಮುಟ್ಟುತ್ತಿತ್ತು. ಡಂಗೂರ ಹೊಡೆಸಿದ್ದರೆ ಅಷ್ಟು ಬೇಗ ಆಗುತ್ತಿರಲಿಲ್ಲ. ಆದರೆ ಅದೇ ದಿನಗಳಲ್ಲಿ ಯಾವ ರಾಜ್ಯದ್ದೋ ಯಾವ ವರ್ಷದ್ದೋ ಚಿರತೆಯ ವಿಡಿಯೋಗಳು "ಇದೀಗ ನಮ್ಮೂರಲ್ಲಿ" ಎಂದು ತಿರುಗಿದವು. ನಿಜವಾದ ಎಚ್ಚರಿಕೆ ಬಂದಾಗ "ಅಯ್ಯೋ ಇದೂ ಹಂಗೇ ಬಿಡಿ" ಎನ್ನುವಷ್ಟು ತಿರುಗಿದವು.

ಸುಳ್ಳು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಹೆಣ ಬಿದ್ದಿದೆ. 2018ರಲ್ಲಿ "ಮಕ್ಕಳ ಕಳ್ಳರು ಬಂದಿದ್ದಾರೆ" ಎಂಬ ಸುದ್ದಿ ಫೋನಿಂದ ಫೋನಿಗೆ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೂಲಿ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಒಬ್ಬ ಯುವಕನನ್ನು ಜನ ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ ಅವರು ಮಾಡಿದ ತಪ್ಪು. ಯಾರೋ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದರು. ಅವರ ಕಾರು ಮುಂದಿನ ಹಳ್ಳಿ ಮುರ್ಕಿ ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು, ದಾರಿಗೆ ಅಡ್ಡ ಕಟ್ಟಿಯಾಗಿತ್ತು. ಒಬ್ಬ ಇಂಜಿನಿಯರ್ ಸತ್ತ, ಜೊತೆಯವರು ಗಾಯಗೊಂಡರು, ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಗ್ರೂಪಿನ ಅಡ್ಮಿನ್ ಸೇರಿ ಸುಮಾರು 30 ಜನರನ್ನು ಬಂಧಿಸಿದರು. ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ಬಹಳ ಕೈ ದಾಟಿ ಬಂದದ್ದನ್ನು ಒಂದೇ ಕಡೆಗೆ ಕಳಿಸಬಹುದು ಎಂಬ ಮಿತಿ 2020ರಲ್ಲಿ ಬಂತು. ಮೆಸೇಜಿನ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ಹಾಗೆ ಕೈಕೈ ದಾಟಿ ಸವೆದ ನಾಣ್ಯ ಎಂದು ತಿಳಿಯಿರಿ.

ಆ ಬೀದರಿನ ವಿಷಯವನ್ನು ನಾನು ಇಷ್ಟು ಹೇಳಿದ್ದು ಮಕ್ಕಳ ಕಳ್ಳರ ಸಲುವಾಗಿ ಅಲ್ಲ. ಕಾರಿಗಿಂತ ಮೊದಲು ವಿಡಿಯೋ ಮುಟ್ಟಿತು ಎಂದೆನಲ್ಲ, ಅದನ್ನು ನೆನಪಿಡಿ. ಮನೆಯಿಂದ ಪ್ರಾಣ ಉಳಿಸಿಕೊಂಡು ಓಡಿ ಹೋಗುವ ಹೆಣ್ಣಿಗೂ ಅದೇ ಆಗುತ್ತಿದೆ.

ಗುಬ್ಬಿ ಕಡೆಯ ಒಂದು ಹಳ್ಳಿ. ಊರ ಹೆಸರು, ಆಕೆಯ ಹೆಸರು ಇಲ್ಲಿ ಬೇಡ. ಮದುವೆಯಾಗಿ ಆರು ವರ್ಷ, ಕೈಯಲ್ಲಿ ನಾಲ್ಕು ವರ್ಷದ ಮಗು. ತವರಿನಿಂದ ತೋಟದ ಪಾಲು ಬರೆಸಿಕೊಂಡು ಬಾ ಎಂದು ಏಟು. ಒಂದು ದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುತ್ತೇನೆಂದು ಕ್ಯಾನು ಹಿಡಿದು ಹೊರಟವಳು ಕ್ಯಾನನ್ನು ಡೈರಿಯಲ್ಲೇ ಬಿಟ್ಟು ಮಗುವಿನ ಜೊತೆ ಬಸ್ಸು ಹತ್ತಿದಳು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಆಧಾರ್ ಕಾರ್ಡು ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣಿಗೆ ಟಿಕೆಟ್ಟಿಗೆ ಕಾಸು ಬೇಡ. ಯಾರು ಏನೇ ಆಡಿಕೊಳ್ಳಲಿ, ಸೆರಗಿನಲ್ಲಿ ಹತ್ತು ರೂಪಾಯಿ ಇಲ್ಲದೆಯೂ ಹೆಣ್ಣು ಊರ ಗಡಿ ದಾಟಬಹುದು ಎಂಬುದು ಸಣ್ಣ ಮಾತಲ್ಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕುಣಿಗಲ್ ಬಸ್ಸು ಹತ್ತಿ ಚಿಕ್ಕಮ್ಮನ ಮನೆ ಸೇರಿದಳು.

ಅಷ್ಟರಲ್ಲಿ ಗಂಡ ಆಕೆಯ ಫೋಟೋ ಗ್ರೂಪಿಗೆ ಹಾಕಿದ್ದ. "ಕಾಣೆಯಾಗಿದ್ದಾರೆ. ಮಾನಸಿಕ ಅಸ್ವಸ್ಥೆ. ಜೊತೆಯಲ್ಲಿ ಪುಟ್ಟ ಮಗು ಇದೆ. ಕಂಡವರು ದಯವಿಟ್ಟು ಈ ನಂಬರಿಗೆ ಕರೆ ಮಾಡಿ, ನಿಮ್ಮ ಎಲ್ಲ ಗ್ರೂಪಿಗೂ ಕಳಿಸಿ ಒಂದು ಜೀವ ಉಳಿಸಿ." ಮಾನಸಿಕ ಅಸ್ವಸ್ಥೆ ಎಂಬ ಪದವನ್ನು ಗಮನಿಸಿ. ಎಷ್ಟು ಜಾಣತನ! ಆಕೆ ಮುಂದೆ ಏನು ಹೇಳಿದರೂ ಯಾರೂ ನಂಬಬಾರದು ಎಂದು ಮೊದಲೇ ಬಾಯಿಗೆ ಬೀಗ ಹಾಕಿದಂತೆ. ಮಗು ಇದೆ ಎಂದ ಮೇಲೆ ಯಾವ ತಾಯಿಯ ಕರುಳು ಸುಮ್ಮನಿರುತ್ತದೆ? ಗುಬ್ಬಿಯ ಗ್ರೂಪಿನಿಂದ ತುಮಕೂರಿಗೆ, ತುಮಕೂರಿನಿಂದ ಕುಣಿಗಲ್‌ಗೆ ಹೋಯಿತು. ಕಳಿಸಿದವರಲ್ಲಿ ನಮ್ಮಂಥ ಸಂಘಗಳ ಹೆಂಗಸರೇ ಹೆಚ್ಚು. ಕುಣಿಗಲ್‌ನಲ್ಲಿ ಚಿಕ್ಕಮ್ಮನ ಬೀದಿಯ ಒಬ್ಬರು, ಒಳ್ಳೆಯ ಮನಸ್ಸಿನವರೇ, ಆ ನಂಬರಿಗೆ ಫೋನು ಮಾಡಿ "ನಿಮ್ಮ ಹೆಣ್ಣುಮಗಳು ನಮ್ಮ ಬೀದೀಲೇ ಇದಾಳೆ, ಗಾಬರಿ ಆಗ್ಬೇಡಿ" ಎಂದರು. ದೀಪ ಹಚ್ಚುವ ಹೊತ್ತಿಗೆ ಗಂಡ ಇಬ್ಬರನ್ನು ಕಟ್ಟಿಕೊಂಡು ಕಾರಿನಲ್ಲಿ ಬಂದಿಳಿದ.

ಆ ಚಿಕ್ಕಮ್ಮ ಗಟ್ಟಿಗಿತ್ತಿ. ಬಾಗಿಲು ತೆಗೆಯಲಿಲ್ಲ, 112ಕ್ಕೆ ಫೋನು ಮಾಡಿದರು, ಅಕ್ಕಪಕ್ಕದ ಹೆಂಗಸರನ್ನು ಕೂಗಿ ಕರೆದರು. ಫೋನು ಮಾಡಿದ್ದ ಆ ಹೆಂಗಸೂ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಿದ್ದರಂತೆ. ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡರು. ವಯಸ್ಸಿಗೆ ಬಂದ ಹೆಣ್ಣು ತಾನು ಎಲ್ಲಿರಬೇಕೆಂದು ತಾನೇ ಹೇಳಬಹುದು, ಅವಳು ಬರುವುದಿಲ್ಲ ಎಂದರೆ ಗಂಡನೂ ಪೊಲೀಸರೂ ಎಳೆದುಕೊಂಡು ಹೋಗುವಂತಿಲ್ಲ. ಅವಳು ಹೋಗಲಿಲ್ಲ. ಕೇಸು ನಡೆಯುತ್ತಿದೆ, ಮುಗಿದಿಲ್ಲ. ಆದರೆ ಆ ಫೋಟೋ ಮುಗಿಯಲಿಲ್ಲ ನೋಡಿ. ವರ್ಷ ಕಳೆದ ಮೇಲೂ ಯಾವುದೋ ಗ್ರೂಪಿನಲ್ಲಿ ಅದೇ ಸೀರೆ, ಅದೇ ನಗು, ಅದೇ "ಮಾನಸಿಕ ಅಸ್ವಸ್ಥೆ". ಅವಳು ಕೆಲಸಕ್ಕೆ ಸೇರಿದ ಜಾಗದಲ್ಲಿ ಒಬ್ಬರು ಫೋನು ತೋರಿಸಿ, "ಇದು ನೀವೇ ಅಲ್ವಾ?" ಎಂದು ಕೇಳಿದರಂತೆ.

ಹಾಗಾದರೆ ಕಾಣೆಯಾದವರ ಫೋಟೋ ಕಳಿಸಲೇಬಾರದೇ ಎಂದು ಕೇಳುತ್ತೀರಿ. ನಿಜವಾಗಿ ದಾರಿ ತಪ್ಪಿದ ಮುದುಕಿಯರು, ಮಕ್ಕಳು ಇದರಿಂದ ಮನೆ ಸೇರಿದ್ದಾರೆ. ಸುಮ್ಮನೆ ಬೇಡ ಎನ್ನಲಾಗದು. ನಾನು ನೋಡುವುದು ಇಷ್ಟು: ಅದರಲ್ಲಿ ಯಾವ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದಾರೆ ಎಂದು ಇದೆಯೇ, ಕರೆ ಮಾಡಬೇಕಾದ ನಂಬರು ಠಾಣೆಯದೋ ಗಂಡನದೋ. ವಯಸ್ಸಿಗೆ ಬಂದ ಹೆಣ್ಣಿನ ಫೋಟೋ, ಕೆಳಗೆ ಬರೀ ಗಂಡನ ಅಥವಾ ಅಣ್ಣನ ನಂಬರು ಇದ್ದರೆ ಅದನ್ನು ನನ್ನ ಫೋನಿನಲ್ಲೇ ನಿಲ್ಲಿಸುತ್ತೇನೆ. ಆಕೆಯನ್ನು ಎಲ್ಲಾದರೂ ಕಂಡರೆ ಮೊದಲು ಮಾತನಾಡಿಸಬೇಕಾದದ್ದು ಆಕೆಯನ್ನು. "ಊಟ ಆಯ್ತಾ ಮಗ? ಮನೆಯವರಿಗೆ ಹೇಳಬೇಕಾ, ಬೇಡವಾ?" ಎಂದು ಕೇಳಿ. ಬೇಡ ಎಂದರೆ 181ಕ್ಕೆ ಹೇಳಿ, ಅದು ಮಹಿಳಾ ಸಹಾಯವಾಣಿ. ಮದುವೆ ಬೇಡವೆಂದು ಓಡಿ ಬಂದ ಹುಡುಗಿಯರದೂ ಇದೇ ಕಥೆ. ಬೇರೆ ಜಾತಿಯವನನ್ನು ಇಷ್ಟಪಟ್ಟವಳ ಫೋಟೋ ಜಾತಿಯ ಗ್ರೂಪಿಗೆ ಬಿದ್ದರೆ ಅವಳ ಪ್ರಾಣಕ್ಕೇ ಕುತ್ತು.

ಇನ್ನು ನಗರದ ಮಾತಿಗೆ ಬರೋಣ. ತುಮಕೂರಿನ ಹೊರಭಾಗದ ಒಂದು ಬಡಾವಣೆ, ಗ್ರೂಪಿನಲ್ಲಿ ನೂರೈವತ್ತು ಮನೆ. ಕಸದ ಗಾಡಿ, ಬೀದಿ ದೀಪ, ಬೀದಿ ನಾಯಿ, ಹಬ್ಬದ ಶುಭಾಶಯ. ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ವಾಯ್ಸ್ ಮೆಸೇಜು ಬಂತು. "ಯಾರಾದ್ರೂ ಬನ್ನಿ" ಎಂದು ಹೆಂಗಸಿನ ದನಿ, ಹಿಂದೆ ಪಾತ್ರೆ ಉರುಳಿದ ಸದ್ದು. ಎರಡು ನಿಮಿಷದಲ್ಲಿ ಅಡ್ಮಿನ್ ಅದನ್ನು ಅಳಿಸಿ ಕೆಳಗೆ ಬರೆದರು: "ಇದು ಸಾರ್ವಜನಿಕ ಗ್ರೂಪ್, ದಯವಿಟ್ಟು ಮನೆಯ ವಿಷಯ ಹಾಕಬೇಡಿ." ಅದರ ಕೆಳಗೆ ಗುಲಾಬಿ ಹೂವಿನ ಶುಭರಾತ್ರಿಗಳು. ರಾಜಕೀಯದವರ ಫೋಟೋ ಹಾಕಬಹುದು, ಯಾರದೋ ಫ್ಯಾಕ್ಟರಿಯ ಜಾಹೀರಾತು ಹಾಕಬಹುದು, ಹೆಂಡತಿಯ ಮೇಲಿನ ಜೋಕುಗಳನ್ನಂತೂ ದಿನವೂ ಹಾಕಬಹುದು. ಹೆಂಡತಿ ಮಾತ್ರ ಕೂಗಬಾರದು!

ಅಳಿಸುವ ಮೊದಲು ಅದನ್ನು ಕೇಳಿಸಿಕೊಂಡವಳು ಮೂರು ಮನೆ ಆಚೆಯ ಒಬ್ಬಳು ಹೆಣ್ಣುಮಗಳು. ಅವಳು ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ತನ್ನ ಅತ್ತೆಯನ್ನು ಎಬ್ಬಿಸಿದಳು, ಎದುರು ಮನೆಯ ಅಕ್ಕನನ್ನು ಕರೆದಳು, ಮೂವರೂ ಒಂದು ಲೋಟ ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿದರು. "ಹೆಪ್ಪಿಗೆ ಒಂಚೂರು ಮೊಸರು ಕೊಡಮ್ಮ, ನಮ್ಮನೇಲಿ ಖಾಲಿಯಾಯ್ತು." ರಾತ್ರಿ ಹನ್ನೊಂದಕ್ಕೆ ಯಾರು ಹೆಪ್ಪು ಕೇಳುತ್ತಾರೆ? ಬಾಗಿಲು ತೆಗೆದವನಿಗೂ ಅದು ಅರ್ಥವಾಯಿತು. ಬೀದಿ ಎಚ್ಚರವಾಗಿದೆ ಎಂದು ಗೊತ್ತಾದ ಕೂಡಲೇ ಎತ್ತಿದ ಕೈ ಇಳಿಯಿತು. 2008ರಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ ನಡೆಸಿದ "ಬೆಲ್ ಬಜಾವೋ" ಪ್ರಚಾರವೂ ಇದನ್ನೇ ಹೇಳಿತ್ತು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಏನಾದರೂ ನೆಪ ಮಾಡಿಕೊಂಡು ಹೋಗಿ ಬೆಲ್ ಒತ್ತಿ ಎಂದು. ನಮ್ಮ ಹಳ್ಳಿಯ ಮುದುಕಿಯರು ಬೆಂಕಿ ಕೇಳುವ ನೆಪದಲ್ಲಿ ಇದನ್ನು ಯಾವ ಪ್ರಚಾರವೂ ಇಲ್ಲದೆ ಮಾಡುತ್ತಿದ್ದರು, ಆ ಮಾತು ಬೇರೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ದನಿಯನ್ನು ಯಾರೋ ಇಟ್ಟುಕೊಂಡಿದ್ದರು. ಮರುದಿನ ಅದು ಗಂಡನ ನೆಂಟರ ಗ್ರೂಪಿಗೆ ಹೋಯಿತು. "ಸಂಸಾರ ಬೀದಿಗೆ ಹಾಕಿದವಳು" ಎಂದು ಅವಳನ್ನೇ ಎಲ್ಲರೂ ಬೈದರು. ಹಿರಿಯರೊಬ್ಬರು ಗ್ರೂಪಿನಲ್ಲೇ ನ್ಯಾಯ ತೀರ್ಮಾನ ಮಾಡಿ, ಕ್ಷಮೆ ಕೇಳಬೇಕು ಎಂದು ಬರೆದರು. ಯಾರು? ಏಟು ತಿಂದವಳು! ಅರಳಿಕಟ್ಟೆಯ ಪಂಚಾಯ್ತಿಯಲ್ಲಿ ಕನಿಷ್ಠ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತಿದ್ದರು.

ಇದರಿಂದ ನನಗೆ ತಿಳಿದದ್ದು ಇಷ್ಟು. ನೀರು, ಚಿರತೆ, ಹುಣಸೆಯ ರೇಟು ಇವೆಲ್ಲ ಎಲ್ಲರದು, ಅವನ್ನು ಎಲ್ಲರ ಗ್ರೂಪಿಗೆ ಹಾಕಿದರೆ ಎಲ್ಲರಿಗೂ ಒಳ್ಳೆಯದು. ಒಬ್ಬ ಹೆಣ್ಣಿನ ಕಷ್ಟ ಎಲ್ಲರ ಗ್ರೂಪಿಗೆ ಬಿದ್ದ ಕ್ಷಣ ಅದು ಅವಳ ಕೈಬಿಟ್ಟು ಹೋಗುತ್ತದೆ. ಯಾಕೆಂದರೆ ಹೊಡೆಯುವವನೂ ಅದೇ ಗ್ರೂಪಿನಲ್ಲಿದ್ದಾನೆ, ಅವನ ತಮ್ಮನಿದ್ದಾನೆ, ಅವನ ಜೊತೆ ಕುಡಿಯುವವನಿದ್ದಾನೆ. ಎಷ್ಟೋ ಕಡೆ ಅವನೇ ಅಡ್ಮಿನ್. ಅವಳಿಗೆ ಬೇಕಾಗಿರುವುದು ನೂರೈವತ್ತು ಮನೆಯಲ್ಲ, ಲೋಟ ಹಿಡಿದು ಬರುವ ಮೂವರು.

ಆ ಸಮೀಕ್ಷೆಯನ್ನು ಮತ್ತೆ ನೆನಪಿಸುತ್ತೇನೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ದೇಶದ ರಾಜ್ಯಗಳಲ್ಲೇ ಅತಿ ಹೆಚ್ಚು. ದೇಶದಲ್ಲಿ ದೌರ್ಜನ್ಯಕ್ಕೆ ಒಳಗಾದವರ ಪೈಕಿ ಯಾರಲ್ಲಾದರೂ ಸಹಾಯ ಕೇಳಿದವರು ನೂರಕ್ಕೆ 14 ಜನ ಮಾತ್ರ. ಉಳಿದ 86 ಜನ ಯಾಕೆ ಕೇಳಲಿಲ್ಲ? ಕೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ ಅದರಲ್ಲಿ ಎಷ್ಟು ದೊಡ್ಡದು ಎಂದು ನಿಮಗೆ ನಾನು ಹೇಳಬೇಕೇ? 2020ರ ಲಾಕ್‌ಡೌನಿನಲ್ಲಿ ಹೊಡೆಯುವವನ ಜೊತೆಯೇ ಮನೆಯೊಳಗೆ ಬೀಗ ಬಿದ್ದಾಗ ರಾಷ್ಟ್ರೀಯ ಮಹಿಳಾ ಆಯೋಗ ಏಪ್ರಿಲ್‌ನಲ್ಲಿ ಒಂದು ವಾಟ್ಸಾಪ್ ನಂಬರು ಶುರು ಮಾಡಿತು. ಜೋರಾಗಿ ಫೋನಿನಲ್ಲಿ ಮಾತನಾಡಲಾಗದ ಹೆಂಗಸರು ಸದ್ದಿಲ್ಲದೆ ಬರೆದು ಕಳಿಸಲೆಂದು. ಅದೇ ವಾಟ್ಸಾಪ್, ಆದರೆ ಒಬ್ಬರಿಂದ ಒಬ್ಬರಿಗೆ. ಅಲ್ಲಿದೆ ವ್ಯತ್ಯಾಸ.

ಆದ್ದರಿಂದ ಪ್ರತಿ ಸಂಘದಲ್ಲೂ ಮೂವರನ್ನು ಗೊತ್ತುಮಾಡಿಕೊಳ್ಳಿ. ಪ್ರತಿನಿಧಿಗಳೇ ಆಗಬೇಕೆಂದಿಲ್ಲ. ರಾತ್ರಿ ಎಚ್ಚರವಾಗಿರುವ ಒಬ್ಬರು, ಗಾಡಿಯೋ ಆಟೋದ ವ್ಯವಸ್ಥೆಯೋ ಇರುವ ಒಬ್ಬರು, ಠಾಣೆಯಲ್ಲಿ ಹೆದರದೆ ಮಾತನಾಡುವ ಒಬ್ಬರು. ಅವರ ನಂಬರು ಪ್ರತಿ ಸದಸ್ಯೆಗೂ ಬಾಯಿಪಾಠ ಬರಬೇಕು, ಫೋನು ಕಿತ್ತುಕೊಂಡ ದಿನ ಬಾಯಿಪಾಠವೇ ಗತಿ. ಇದಕ್ಕೆ ಹೊಸ ಗ್ರೂಪು ಮಾಡಬೇಡಿ, ಕೀಪ್ಯಾಡ್ ಸೆಟ್ಟೇ ಸಾಕು. ಎರಡು ಮಿಸ್ಡ್ ಕಾಲ್ ಬಂದರೆ ಹೊರಡುವುದು ಎಂದು ಮಾತಾಡಿಕೊಂಡಿರಿ. ಸಂಘದ ನಡಾವಳಿ ಪುಸ್ತಕದಲ್ಲಿ ಇಂಥವಳ ಮನೆಗೆ ಹೋಗಿದ್ದೆವು ಎಂದು ಹೆಸರು ಬರೆಯಬೇಡಿ. ಆ ಪುಸ್ತಕವನ್ನು ಯಾರ್‍ಯಾರು ತೆಗೆದು ನೋಡುತ್ತಾರೆ ಎಂಬುದು ನಿಮಗೇ ಗೊತ್ತು.

"ನಮಗ್ಯಾಕೆ ಬೇರೆಯವರ ಮನೆ ಉಸಾಬರಿ, ಕೇಸು ಗೀಸು ಆದ್ರೆ?" ಎಂದು ಕೆಲವರು ಹೆದರುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅದರ 4ನೇ ಸೆಕ್ಷನ್ ಪ್ರಕಾರ ದೌರ್ಜನ್ಯ ನಡೆಯುತ್ತಿದೆ, ನಡೆದಿದೆ ಅಥವಾ ನಡೆಯುವ ಹಾಗಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿ.ಡಿ.ಪಿ.ಒ. ಅವರೇ ಸಂರಕ್ಷಣಾಧಿಕಾರಿ, ಅಂದರೆ ಅಂಗನವಾಡಿ ನೋಡಿಕೊಳ್ಳುವ ಅದೇ ಕಚೇರಿ. ದೂರದ್ದಲ್ಲ. ಇದೇ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶದಡಿ ಗಂಡ ಅವಳನ್ನು ಎದುರಿಗೆ ಬಂದು, ಪತ್ರ ಬರೆದು, ಫೋನು ಮಾಡಿ ಅಥವಾ ಮೆಸೇಜಿನ ಮೂಲಕ ಸಂಪರ್ಕಿಸಬಾರದು ಎಂದೂ ತಡೆಯಬಹುದು. ಕಾಯ್ದೆ ಬರೆದಾಗ ವಾಟ್ಸಾಪ್ ಇನ್ನೂ ಹುಟ್ಟಿರಲಿಲ್ಲ, ಆದರೂ ಆ ಮಾತು ಅದಕ್ಕೂ ತಗಲುತ್ತದೆ.

ವರದಕ್ಷಿಣೆಗೂ ಈ ಗ್ರೂಪುಗಳಿಗೂ ಏನು ಸಂಬಂಧ ಎಂದರೆ, ಒಂದು ಬೀದಿಯ ಮದುವೆಯ ಫೋಟೋದಲ್ಲಿ ರಿಬ್ಬನ್ ಕಟ್ಟಿದ ಕಾರು ಬಂದರೆ ಮುಂದಿನ ಮದುವೆಗೆ ಅದೇ ರೇಟು ಆಗುತ್ತದೆ. ಯಾರೂ ಕೇಳಿಲ್ಲ, ಯಾರೂ ಕೊಟ್ಟಿಲ್ಲ, ಎಲ್ಲರೂ ಫೋಟೋ ನೋಡಿದ್ದಾರೆ! ಹೆಣ್ಣು ಹೆತ್ತವರು ರಾತ್ರಿ ನಿದ್ದೆಗೆಡಲು ಅಷ್ಟು ಸಾಕು. ಜಾತಿಜಾತಿಯ ಮದುವೆ ಗ್ರೂಪುಗಳಲ್ಲಿ ಹುಡುಗನ ಜಮೀನು, ಸೈಟು, ಸಂಬಳ ಎಲ್ಲ ಬರೆದು ಕೊನೆಗೆ "ಉತ್ತಮ ರೀತಿಯಲ್ಲಿ ಮದುವೆ ಮಾಡಿಕೊಡುವವರು ಮಾತ್ರ ಸಂಪರ್ಕಿಸಿ" ಎನ್ನುತ್ತಾರೆ. ಉತ್ತಮ ರೀತಿ ಎಂದರೆ ಎಷ್ಟು ತೊಲ ಎಂದು ಫೋನಿನಲ್ಲಿ ತಿಳಿಯುತ್ತದೆ. ಇನ್ನು ಕೆಲವು ಹೆಣ್ಣಿನ ಕಡೆಯವರೇ "ಸೈಟು ಕೊಡಲಾಗುವುದು" ಎಂದು ಬರೆಯುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1986ರಲ್ಲಿ ಸೇರಿಸಿದ 4ಎ ಸೆಕ್ಷನ್ ಹೇಳುತ್ತದೆ: ಮಗನದೋ ಮಗಳದೋ ಮದುವೆಗೆ ಪ್ರತಿಯಾಗಿ ಆಸ್ತಿಯ ಪಾಲು, ಹಣ ಕೊಡುತ್ತೇವೆಂದು ಪತ್ರಿಕೆಯಲ್ಲಿ ಅಥವಾ ಬೇರೆ ಯಾವುದೇ ಮಾಧ್ಯಮದಲ್ಲಿ ಜಾಹೀರಾತು ಕೊಡುವುದು ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ. ಯಾವುದೇ ಮಾಧ್ಯಮ ಎಂದರೆ ಮದುವೆ ಗ್ರೂಪು ಮಾತ್ರ ಹೊರಗೆ ಎಂದು ನಾನಂತೂ ಓದಿಕೊಳ್ಳುವುದಿಲ್ಲ.

ಇಲ್ಲಿ ಒಂದು ಒಳ್ಳೆಯದೂ ಇದೆ. ಮೊದಲು ಬಾಯಲ್ಲಿ ಕೇಳಿ ಬಾಯಲ್ಲೇ ಇಲ್ಲವೆನ್ನುತ್ತಿದ್ದರು. ಈಗ ಆಸೆ ತಡೆಯಲಾರದೆ ಬರೆದು ಕಳಿಸುತ್ತಾರೆ, ದನಿಯಲ್ಲಿ ಹೇಳಿ ಕಳಿಸುತ್ತಾರೆ. ಅದನ್ನು ಕೋಪದಿಂದ ಅಳಿಸಿಬಿಡಬೇಡಿ. ಮೂಲ ಮೆಸೇಜು ಬಂದ ಫೋನನ್ನೇ ಜೋಪಾನ ಮಾಡಿ. ಅದರ ಸ್ಕ್ರೀನ್‌ಶಾಟನ್ನು ದಿನಾಂಕ, ನಂಬರು ಕಾಣುವಂತೆ ತೆಗೆದು ನಂಬಿಕೆಯ ಒಬ್ಬರಿಗೆ ಕಳಿಸಿಡಿ. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾನೂನು ಬಂದಿದೆ, ಅದರ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ, ವಕೀಲರು ಮಾಡಿಸುತ್ತಾರೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕಿದ್ದ ಹಳೆಯ 498ಎ ಅದೇ ದಿನದಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86 ಆಗಿದೆ. ನಂಬರು ಬದಲಾಗಿದೆ, ಅಪರಾಧ ಹೋಗಿಲ್ಲ. ಠಾಣೆಯಲ್ಲಿ "498ಎ ಈಗ ಇಲ್ಲಮ್ಮ" ಎಂದು ಯಾರಾದರೂ ಅಂದರೆ ಹಾಗೆಂದು ಹೇಳಿ.

ಗೃಹಲಕ್ಷ್ಮಿ ಹಣದ ಲಿಂಕು, ಸಾಲದ ಆಪು ಎಂದು ಗ್ರೂಪಿಗೆ ಬರುವುದನ್ನು ಒತ್ತಬೇಡಿ, ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದನ್ನು ನಿಮ್ಮ ಎಂ.ಬಿ.ಕೆ.ಗಳು ಬಹಳ ಸಲ ಹೇಳಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಹೆಚ್ಚು ಜನರಿಗೆ ಗೊತ್ತಿಲ್ಲದ್ದು ಬೇರೆ. ನಿಮ್ಮ ಫೋನಿನ ವಾಟ್ಸಾಪಿನಲ್ಲಿ "ಲಿಂಕ್ಡ್ ಡಿವೈಸಸ್" ಎಂಬ ಜಾಗವಿದೆ. ಗಂಡನೋ ಮೈದುನನೋ ಒಂದು ನಿಮಿಷ ನಿಮ್ಮ ಫೋನು ತೆಗೆದುಕೊಂಡು ತನ್ನ ಕಂಪ್ಯೂಟರಿಗೋ ಇನ್ನೊಂದು ಫೋನಿಗೋ ಜೋಡಿಸಿದರೆ ನಿಮಗೆ ಬರುವುದೆಲ್ಲ ಅವನಿಗೂ ಕಾಣುತ್ತದೆ. ಅದನ್ನು ತೆರೆದು ನೋಡಿ. ನಿಮಗೆ ಗೊತ್ತಿಲ್ಲದ್ದು ಅಲ್ಲಿದ್ದರೆ ತೆಗೆದುಹಾಕಬಹುದು, ಆದರೆ ತೆಗೆದುಹಾಕಿದ್ದು ಅವನಿಗೆ ಗೊತ್ತಾಗುತ್ತದೆ. ಏಟು ಬೀಳುವ ಮನೆಯಾದರೆ ಮೊದಲು ಇರಲು ಜಾಗ ನೋಡಿಕೊಂಡು ಆಮೇಲೆ ತೆಗೆಯಿರಿ, ಅಲ್ಲಿಯವರೆಗೆ ಮುಖ್ಯವಾದ ಮಾತನ್ನು ಬೇರೆಯವರ ಫೋನಿನಲ್ಲಿ ಆಡಿ. "ಲಾಸ್ಟ್ ಸೀನ್" ನೋಡಿ "ರಾತ್ರಿ ಒಂದು ಗಂಟೆಗೆ ಯಾರ ಜೊತೆ ಇದ್ದೆ" ಎಂದು ಹೊಡೆದವರಿದ್ದಾರೆ, ಅದನ್ನೂ ಕಾಣದಂತೆ ಮಾಡಬಹುದು. ನಿಮ್ಮನ್ನು ಯಾರು ಬೇಕಾದವರು ಗ್ರೂಪಿಗೆ ಸೇರಿಸದಂತೆ ತಡೆಯುವ ವ್ಯವಸ್ಥೆ 2019ರಿಂದ ಇದೆ. 2022ರಿಂದ ಗ್ರೂಪು ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸುದ್ದಿ ಹೋಗುತ್ತದೆ, ಎಲ್ಲರಿಗೂ ಡಂಗೂರವಾಗುವುದಿಲ್ಲ. ಊಟದ ನಂತರ ಹುಡುಗಿಯರು ಕೂತಿರುತ್ತಾರೆ, ಫೋನು ತನ್ನಿ, ತೋರಿಸಿಕೊಡುತ್ತಾರೆ.

ಒಂದು ಚೀಟಿ ಬಂದಿದೆ, ಕುಣಿಗಲ್ ಕಡೆಯ ಸಂಘದಿಂದ. "ನಮ್ಮ ಬೀದಿ ಗ್ರೂಪಿಗೆ ನನ್ನನ್ನೂ ಅಡ್ಮಿನ್ ಮಾಡುತ್ತೇವೆ ಎಂದರು. ಯಾರಾದರೂ ಏನಾದರೂ ಹಾಕಿದರೆ ಅಡ್ಮಿನ್ ಜೈಲಿಗೆ ಹೋಗಬೇಕು ಎಂದು ಯಜಮಾನರು ಬೇಡ ಅನ್ನುತ್ತಾರೆ. ಏನು ಮಾಡಲಿ?" ಆಗಲೇ ಬೀದರಿನಲ್ಲಿ ಅಡ್ಮಿನ್‌ನನ್ನೂ ಬಂಧಿಸಿದ್ದರು ಎಂದು ನಾನೇ ಹೇಳಿದೆ, ಅದಕ್ಕೆ ಈ ಹೆದರಿಕೆ ಹೆಚ್ಚಾಗಿರಬಹುದು. ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಕೇರಳ ಹೈಕೋರ್ಟು 2022ರಲ್ಲಿ ಹೇಳಿದೆ, ಬಾಂಬೆ ಹೈಕೋರ್ಟೂ ಅದಕ್ಕೆ ಮೊದಲೇ ಹಾಗೆಂದಿತ್ತು. ತಾನೇ ಹಾಕಿದ್ದಕ್ಕೆ, ತಾನೂ ಸೇರಿ ಹಬ್ಬಿಸಿದ್ದಕ್ಕೆ ಹೊಣೆ ಇದ್ದೇ ಇದೆ. ಆದ್ದರಿಂದ ಒಪ್ಪಿಕೊಳ್ಳಿ ಅಮ್ಮ. ಹೆಂಡತಿ ಜೋಕು ಬಂದರೆ ಅಳಿಸುವ ಅಧಿಕಾರ ನಿಮಗೂ ಬರುತ್ತದೆ. ಹೆಣ್ಣಿನ ಫೋಟೋ ಬಂದು ಕೆಳಗೆ ಗಂಡನ ನಂಬರು ಮಾತ್ರ ಇದ್ದರೆ ಅದನ್ನೂ ಅಳಿಸಿ, ಠಾಣೆಯ ನಂಬರು ಹಾಕಿ ಎಂದು ಕೇಳಿ. ರಾತ್ರಿ ಹನ್ನೊಂದಕ್ಕೆ ಯಾರದಾದರೂ ದನಿ ಬಂದರೆ ಅದನ್ನೂ ಅಳಿಸಬೇಕಾಗಬಹುದು, ಅವಳ ಮಾನ ಬೀದಿಪಾಲಾಗದಿರಲೆಂದು. ಆದರೆ ಅಳಿಸುವ ಮೊದಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿರಿ.